ಕೋದಂಡಪ್ಪ ತನ್ನ ಸೊಂಟವನ್ನು ಹಿಂದಿನಿಂದ ನೋಡಿದ್ದು

ಬೇತಮಂಗಲದ ರಸ್ತೆಯ ತಿರುವಿನಲ್ಲಿ, ಡೇರಿಗೆ ಹಾಲು ಒಯ್ಯುತ್ತಿದ್ದ ಕೋದಂಡಪ್ಪ ಮೊಪೆಡ್ಡಿನಿಂದ ಬಿದ್ದ. ಎಡಗಾಲು ಎತ್ತಲಾಗಲಿಲ್ಲ. ಬಂಗಾರಪೇಟೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು, "ಸೊಂಟದ ಸಂದು ಇದರಲ್ಲಿ ಸರಿಯಾಗಿ ಕಾಣುತ್ತಿಲ್ಲ. ಕೋಲಾರದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿ. ತಡವಾದರೆ ಕುಂಟು ಉಳಿದೀತು" ಎಂದರು.

ಕೋದಂಡಪ್ಪ ಮನೆಗೆ ಬಂದು ಮಲಗಿದ. ನಮ್ಮ ಕಡೆ ಮೂಳೆ ಮುರಿದರೆ ಗಡಿಯಾಚೆ ಆಂಧ್ರಕ್ಕೆ ಹೋಗಿ ನಾಟಿ ವೈದ್ಯರಿಂದ ಸೊಪ್ಪಿನ ಕಟ್ಟು ಹಾಕಿಸುವುದು ರೂಢಿ. ಅಲ್ಲಿಗೆ ಹೋಗಲು ಬೆಳಿಗ್ಗೆಗೆ ಕಾರು ಗೊತ್ತು ಮಾಡಿದ್ದಾಯಿತು.

ಸಂಜೆ ಆಶಾ ಕಾರ್ಯಕರ್ತೆ ಶಶಿರೇಖ ಬಂದಳು.

"ಏನ್ ಕೋದಂಡಣ್ಣ, ಸ್ಕ್ಯಾನಿಗೆ ಓಗಲ್ವಂತೆ?"

"ಒಂದು ಪಟ ತೆಗ್ದವ್ರಲ್ಲಮ್ಮ, ಇನ್ನೊಂದ್ಯಾಕೆ? ನಾನೇನು ಮದ್ವೆ ಗಂಡಾ?"

"ಎಕ್ಸ್‌ರೇಲಿ ಮೂಳೆಗಳು ಒಂದ್ರ ಮೇಲೊಂದು ಕಾಣ್ತವೆ. ಸ್ಕ್ಯಾನಲ್ಲಿ ತೆಳ್ಳಗೆ ಓಳು ಓಳಾಗಿ ತೆಗೀತಾರೆ..."

"ನನ್ನ ಕುಯ್ತಾರಾ?"

"ಅಯ್ಯೋ, ಪಟ ಕಣಣ್ಣ! ಬಳೆಯಂಥ ಮಿಷಿನ್ನೊಳಗೆ ಸುಮ್ನೆ ಮಲಗಿದ್ರಾಯ್ತು. ಕಂಪ್ಯೂಟರು ಆ ಪಟಗಳ್ನೆಲ್ಲ ಜೋಡ್ಸಿ ಮೂಳೆನೇ ಎದುರಿಗೆ ನಿಲ್ಲಿಸ್ತದೆ. ತಿರುಗ್ಸಿ ಹಿಂದ್ಗಡೆನೂ ನೋಡ್ಬೋದು."

"ಹಿಂದ್ಗಡೆ ಏನೈತೆ ನೋಡಕ್ಕೆ?"

ಹೆಂಡತಿ ಪಾಪಕ್ಕ ನಡುವೆ ಬಾಯಿ ಹಾಕಿದಳು. "ಅಲ್ಲ ಕಣಯ್ಯ, ಸಂತೇಲಿ ಅಸ ಕೊಳ್ಳೋವಾಗ ಸುತ್ತ ತಿರುಗ್ತೀಯ, ಬಗ್ಗಿ ಕೆಚ್ಚಲು ಮುಟ್ತೀಯ, ಬಾಲಾನೂ ಎತ್ತಿ ನೋಡ್ತೀಯ. ಮೂತಿ ನೋಡಿ ಯಾವತ್ತಾದ್ರೂ ವ್ಯಾಪಾರ ಮಾಡಿದ್ದೀಯಾ? ನಿನ್ ಸೊಂಟ ಅಸಕ್ಕಿಂತ ಕಡಿಮೆನಾ?"

ಕೋದಂಡಪ್ಪ, "ಕಾರೋನಿಗೆ ಕೋಲಾರ ಅಂತ ಏಳು" ಎಂದ.

ಸ್ಕ್ಯಾನ್ ಆದ ಮೇಲೆ ಅಲ್ಲಿನ ಡಾಕ್ಟರು ಪರದೆಯ ಮೇಲೆ ಸೊಂಟದ ಚಿತ್ರವನ್ನು ತಿರುಗಿಸಿದರು. ಮುಂದಿನಿಂದ ನೋಡಿದರೆ ಮೂಳೆ ನೆಟ್ಟಗಿತ್ತು. ಹಿಂದಿನಿಂದ, ತೊಡೆಮೂಳೆ ಕೂರುವ ಬಟ್ಟಲಿನ ಅಂಚು ಒಡೆದು, ಒಂದು ಚೂರು ದೂರ ಸರಿದಿತ್ತು.

"ಹೊರಗಿನ ಕಟ್ಟಿಗೆ ಈ ಚೂರು ಕೂರುವುದಿಲ್ಲ. ಆಪರೇಷನ್ ಬೇಕು. ತಿರುಪು ಎಲ್ಲಿ ಹಾಕಬೇಕೆಂದು ಈ ಚಿತ್ರದಲ್ಲೇ ಮೊದಲು ನೋಡಿಕೊಳ್ಳುತ್ತೇವೆ."

"ಇದು ನಂದೇನಾ ಸ್ವಾಮಿ?"

"ನಿಮ್ಮದೇ."

"ಇನ್ನೊಂದ್ಸಲ ತಿರುಗ್ಸಿ." ನೋಡಿದ. "ಸರಿ, ಮಾಡಿ."

ಆಪರೇಷನ್ ಆಗಿ ಕೆಲವು ತಿಂಗಳಾಗಿವೆ. ಈಗ ಅವನು ಕೋಲು ಹಿಡಿದು ಡೇರಿಯವರೆಗೆ ನಡೆಯುತ್ತಾನೆ. ಮುಂದೆ ಕೋಲನ್ನೂ ಬಿಡಬಹುದೆಂದು ಡಾಕ್ಟರು ಹೇಳಿದ್ದಾರೆ. ಅವಸರ ಬೇಡ ಎಂದೂ ಹೇಳಿದ್ದಾರೆ.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಬಿದ್ದವರ ಸೊಂಟ, ಮಂಡಿಯನ್ನು ಎಳೆಯಬೇಡಿ, ತಿಕ್ಕಬೇಡಿ. ಎಲ್ಲ ನೋವಿಗೂ ಈ ಸ್ಕ್ಯಾನ್ ಬೇಕಿಲ್ಲ. ಡಾಕ್ಟರು ಬೇಕೆಂದಾಗ ತಡಮಾಡಬೇಡಿ. ಬಸುರಿಯಾಗಿದ್ದರೆ ಮೊದಲೇ ತಿಳಿಸಿ. ಚಿತ್ರ ಬಂದ ಮೇಲೆ ನಾಚದೆ, "ನಮಗೂ ತಿರುಗಿಸಿ ತೋರಿಸಿ" ಎಂದು ಕೇಳಿ. ಮೂಳೆ ನಿಮ್ಮದು. ನೋಡಿ, ತಿಳಿದು, ಆಮೇಲೆ ಒಪ್ಪಿಗೆ ಕೊಡಿ.