ಅಂಬಿಕಾಳ ‘ನಡಿ’

ಅವಳ ತುಟಿ ಅಲುಗಿತ್ತೇ? ಅಲುಗಿದ್ದರೆ ಇನ್ನೊಂದು ಗಳಿಗೆ ತಡೆಯಬೇಕಿತ್ತು. ಅಲುಗಿರಲೇ ಇಲ್ಲವೆಂದರೆ ತಾನು ಮಾಡಿದ್ದರಿಂದ ಅಂಥ ನಷ್ಟವೇನೂ ಆಗಿಲ್ಲ. ಈ ಎರಡನೆಯದನ್ನು ನಂಬಲು ಉಮೇಶ ಬಹಳ ಪ್ರಯತ್ನಿಸಿದ. ರಾಯಚೂರಿನಿಂದ ಮಾನ್ವಿಗೆ ಹೊರಟ ಬಸ್ಸು ಕಲ್ಮಲ ದಾಟಿದರೂ ಅದೇ ಯೋಚನೆ.

ಪದವಿ ಮುಗಿಸಿ ಮನೆಯಲ್ಲಿದ್ದ ಅವನು ಭಾನುವಾರಗಳಂದು ಮಾನ್ವಿಯ ಹೊರಗಿನ ಬಯಲಿಗೆ ಸ್ವಯಂಸೇವಕನಾಗಿ ಹೋಗುತ್ತಿದ್ದ. ಕೈಕಾಲು ಸ್ವಾಧೀನದಲ್ಲಿಲ್ಲದ ಮಕ್ಕಳನ್ನು ಅಲ್ಲಿ ಕುದುರೆಯ ಮೇಲೆ ಕೂರಿಸಿ ನಡೆಸುತ್ತಿದ್ದರು. ಕುದುರೆಯ ನಡಿಗೆಗೆ ಸೊಂಟ, ಬೆನ್ನು ತಾವಾಗಿ ಹದಕ್ಕೆ ಬರುತ್ತವೆ ಎನ್ನುತ್ತಿದ್ದಳು ಫಿಸಿಯೋಥೆರಪಿಸ್ಟ್ ನಿಗಾರ್. ಅವಳು ಸವಾರರ ಬಲಗಡೆ, ಉಮೇಶ ಎಡಗಡೆ ಕಾಲು ಹಿಡಿದು ನಡೆಯುತ್ತಿದ್ದರು.

ಕುದುರೆ ಕಲೀಮುಲ್ಲಾನದು. ಹೆಸರು ಬಿಜಲಿ, ಮದುವೆ ಮೆರವಣಿಗೆಗೆ ಹೋಗುವ ಹೆಣ್ಣು ಕುದುರೆ. ಮುಂದೆ ಹುಡುಗರು ಕುಣಿಯುವಷ್ಟು ಹೊತ್ತು ಮದುಮಗನನ್ನು ಹೊತ್ತು ಕದಲದೆ ನಿಲ್ಲುವುದು ಅದಕ್ಕೆ ರೂಢಿ. ಕಲೀಮುಲ್ಲಾ ನಾಲಿಗೆಯಿಂದ ಸಣ್ಣಗೆ ‘ಟಕ್’ ಎನಿಸಿದರೆ ಹೆಜ್ಜೆ ಎತ್ತುತ್ತಿತ್ತು. ನಿಗಾರ್ ಹೇಳಿದ ಮೇಲೆ ಅವನು ಅದಕ್ಕೆ ‘ನಡಿ’ ಎಂಬ ಮಾತನ್ನೂ ರೂಢಿ ಮಾಡಿಸಿದ್ದ. ಆ ಮಾತನ್ನು ಸವಾರರೇ ಆಡಬೇಕು, ಅಲ್ಲಿಯವರೆಗೆ ಉಳಿದವರು ಬಾಯಿ ಬಿಡದೆ ಕಾಯಬೇಕು. ಇದು ನಿಗಾರಳ ಕಟ್ಟುನಿಟ್ಟು. ಬಹಳ ಹೊತ್ತು ಕಾದರೂ ಮಾತು ಬರದಿದ್ದರೆ ಮಾತ್ರ ಕಲೀಮುಲ್ಲಾ ಹಗ್ಗ ಹಿಡಿದು ನಡೆಸುತ್ತಿದ್ದ.

ದೇವದುರ್ಗದ ಅಂಬಿಕಾಳಿಗೆ ಹದಿನಾಲ್ಕು ವರ್ಷ. ಹುಟ್ಟಿದಾಗಿನಿಂದ ಒಂದು ಮಾತೂ ಆಡಿದವಳಲ್ಲ. ಅವಳಿಗಾಗಿ ಕಾಯುವ ಮೌನ ಉಮೇಶನಿಗೆ ಇಷ್ಟವಾಗಿತ್ತು. ಅವಳ ಗಂಟಲಲ್ಲಿ ಏನೋ ಏರುತ್ತಿತ್ತು, ಅವನು ಹಿಡಿದ ಮೊಣಕಾಲು ಬಿಗಿಯುತ್ತಿತ್ತು, ಮತ್ತೆ ಸಡಿಲವಾಗುತ್ತಿತ್ತು.

ಮೂರು ವಾರದ ಹಿಂದಿನ ಆ ಭಾನುವಾರ ತಾಯಿ ಹಣಮಮ್ಮನ ಜೊತೆ ತಂದೆ ಪಕೀರಪ್ಪನೂ ಬಂದಿದ್ದ.

“ಇವತ್ತೊಂದ್ ನೋಡೇ ಬಿಡ್ತೀನಿ. ಮಾತು ಬರಲಿಲ್ಲಂದ್ರ ಬಂದ್. ಹುಡುಗೀನ ಎತ್ಗೊಂಡು ಬಸ್ಸು ಹತ್ತಿ ಇಳಿಯೋದು ಸಾಕಾಗೇದ.”

“ಕೂಡ್ರಿ ಯಜಮಾನ್ರ,” ಎಂದ ಕಲೀಮುಲ್ಲಾ. “ಬಿಜಲಿ ಮ್ಯಾಲ ಕುಂತ ಮದಿಮಕ್ಕಳೆಲ್ಲಾ ಅವತ್ತಿನಿಂದ ಬಾಯಿ ಬಂದ್ ಮಾಡ್ಯಾರ. ಬಾಯಿ ಬಿಡಾಕಿ ನಿಮ್ಮ ಮಗಳೊಬ್ಬಾಕಿ ಆಗ್ಲಿ!”

“ಹೆಸರು ಬಿಜಲಿ. ನಿಂತದ್ದು ನೋಡಿದ್ರ ಬರೇ ಕಂಬ.”

“ಸುಮ್ಕಿರ್ರಿ, ಅಕಿ ಅನ್ನಾಕತ್ತಾಳ,” ಎಂದಳು ಹಣಮಮ್ಮ.

ಎಲ್ಲರೂ ಸುಮ್ಮನಾದರು. ಬಿಸಿಲು ಏರುತ್ತಿತ್ತು. ಮೊಣಕಾಲು ಬಿಗಿಯಿತು, ಸಡಿಲಾಯಿತು, ಮತ್ತೆ ಬಿಗಿಯಿತು. ಪಕೀರಪ್ಪ ಹೆಗಲ ಮೇಲಿನ ಟವೆಲ್ ಕೊಡವಿ ಎದ್ದುನಿಂತ. ಅದನ್ನು ಕಂಡ ಉಮೇಶ ತಲೆ ತಗ್ಗಿಸಿ, ಕುದುರೆಯ ಹೆಗಲಿಗೆ ಬಾಯಿ ಹತ್ತಿರ ತಂದು ‘ಟಕ್’ ಎನಿಸಿದ.

ಬಿಜಲಿ ನಡೆಯಿತು.

“ಅಂದಳು! ಯವ್ವಾ, ನನ್ನ ಮಗಳು ಅಂದಳು!” ಹಣಮಮ್ಮ ಕೂಗಿದಳು. ಯಾರಿಗೂ ಏನೂ ಕೇಳಿಸಿರಲಿಲ್ಲ. ಕೇಳಿಸಿದ್ದು ಪಕ್ಕದವರಿಗಿರಬೇಕು ಎಂದು ಪ್ರತಿಯೊಬ್ಬರೂ ಅಂದುಕೊಂಡರು. “ಮಾಷಾ ಅಲ್ಲಾ!” ಎಂದ ಕಲೀಮುಲ್ಲಾ.

“ನೀವು ಹತ್ರ ಇದ್ರಿ ಉಮೇಶ್. ಕೇಳಿಸ್ತೇನ್ರಿ?” ನಿಗಾರ್ ಆಚೆ ಬದಿಯಿಂದ ಕೇಳಿದಳು.

ಅವನು ತಲೆ ಎತ್ತದೆ ಅಂಬಿಕಾಳ ಕಾಲು ಹಿಡಿದು ನಡೆದ. ಅದನ್ನೇ ಹೌದೆಂದು ತಿಳಿದು ನಿಗಾರ್ ಕಣ್ಣೊರೆಸಿಕೊಂಡಳು. ಅಂಬಿಕಾ ಮಾತ್ರ ಕುತ್ತಿಗೆಯನ್ನು ಕಷ್ಟಪಟ್ಟು ಹೊರಳಿಸಿ ಅವನ ಕಡೆ ನೋಡಿದಳು.

ಮುಂದಿನ ಭಾನುವಾರ ಅವಳ ಗಂಟಲಲ್ಲಿ ಏನೂ ಏರಲಿಲ್ಲ. ಮೊಣಕಾಲು ಬಿಗಿಯಲಿಲ್ಲ. ಅವಳು ಉಮೇಶನ ಬಾಯನ್ನೇ ನೋಡುತ್ತ ಕುಳಿತಳು. ಅದರ ಮುಂದಿನ ವಾರವೂ ಹಾಗೆಯೇ. “ಹಠ ಹಿಡ್ದಾಳ,” ಎಂದಳು ನಿಗಾರ್. ತನ್ನ ‘ಟಕ್’ಗಾಗಿ ಕಾಯುವುದನ್ನೇ ತಾನು ಅವಳಿಗೆ ಕಲಿಸಿಬಿಟ್ಟೆನೆಂದು ಉಮೇಶನಿಗೆ ಆಗ ಹೊಳೆಯಿತು.

ಇಂದು ಅವನು ಬಸ್ಸಿಳಿದು ಬಯಲು ಮುಟ್ಟಿದಾಗ ಹಣಮಮ್ಮ ಒಬ್ಬಳೇ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ನಿಂತಿದ್ದಳು.

“ಅಂಬಿಕಾ ಎಲ್ಲ್ರೀ?”

“ಮನ್ಯಾಗ ಅದಾಳ್ರಿ ತಮ್ಮಾ. ಬಾಯಿ ಬಂತಲ್ಲ, ಇನ್ಯಾಕ ಅಡ್ಡಾಡೋದು ಅಂತಾನ ಅವರಪ್ಪ. ಖುಷಿ ಆಗೇದರೀ ಅವಂಗ. ಓಣ್ಯಾಗ ಎಲ್ಲರಿಗೂ ಹೇಳ್ಯಾನ.”

“ಮನ್ಯಾಗ ಅಂತಾಳೇನ್ರಿ?”

“ಇಲ್ಲರೀ. ಇವತ್ತಿಲ್ಲಾ ನಾಳಿ ಅಂತಾಳ. ಒಂದ್ಸಲ ಅಂದಾಕಿ ಬಿಡ್ತಾಳೇನು? ಅವತ್ತ ನನಗ ಸರಿಯಾಗಿ ಕೇಳಿಸ್ಲಿಲ್ಲ, ದೂರ ಇದ್ದೆ. ನೀವು ಬಾಜೂಕ ಇದ್ರಿ. ಹೆಂಗಿತ್ರೀ ನನ್ನ ಮಗಳ ದನಿ?”

ಉಮೇಶ ಅವಳು ಕೊಟ್ಟ ಹೋಳಿಗೆ ಕೈಯಲ್ಲಿ ಹಿಡಿದು ನಿಂತ. ಈಗ ಹೇಳಿದರೆ ನಿಗಾರ್ ಇವತ್ತೇ ದೇವದುರ್ಗಕ್ಕೆ ಹೋಗಬಹುದು, ಅಂಬಿಕಾ ಮತ್ತೆ ಕುದುರೆ ಹತ್ತಬಹುದು. ಇಲ್ಲವೇ ಪಕೀರಪ್ಪ ಎಲ್ಲರನ್ನೂ ಬೈದು ಬಾಗಿಲು ಹಾಕಿಕೊಳ್ಳಬಹುದು.

“ಸಣ್ಣಗಿತ್ತರೀ,” ಎಂದ.

ಹಣಮಮ್ಮ ಕಣ್ಣು ಮುಚ್ಚಿ ಕೈ ಮುಗಿದಳು. ಬಸ್ಸಿನ ಹೊತ್ತಾಯಿತೆಂದು ಹೊರಟಳು.

ಕುದುರೆ ನಡೆಸಿದ್ದು ತಾನು, ಅವಳ ಮಗಳು ಇನ್ನೂ ಆ ಮಾತು ಆಡಿಲ್ಲ ಎಂದು ಅವನು ಅವಳಿಗೆ ಹೇಳಲೇ ಇಲ್ಲ.