ಆರೂವರೆಯ ಸುದ್ದಿ

"ಬಂತಾ ಅಮ್ಮಾ?" ತಾರಸಿಯಿಂದ ಜಲೀಲ್ ಕೂಗಿದ.

"ಇಲ್ಲೋ ಯಪ್ಪಾ! ಬರೇ ನೀಲಿ ಪರದೆ!" ಹಾಲವ್ವ ಕಿಟಕಿಗೆ ಬಾಯಿಟ್ಟು ಕೂಗಿದಳು.

ಮೇಲೆ ಡಿಶ್ ಕಿರುಗುಟ್ಟಿತು. ಆಳೆತ್ತರದ ಹಳೇ ಡಿಶ್. ಕೊಲ್ಲಿ ದೇಶದ ಅಲ್ ವುಕೈರಿನ ಈ ವಿಲ್ಲಾವನ್ನು ತುಂಡುತುಂಡು ಮಾಡಿ ಬಾಡಿಗೆಗೆ ಕೊಡುವ ಮೊದಲೇ ಯಾರೋ ನಿಲ್ಲಿಸಿಹೋದದ್ದು. ಬಂಟ್ವಾಳದ ಜಲೀಲ್ ಇಂಥವನ್ನು ತಿರುಗಿಸುತ್ತಲೇ ಗಡ್ಡ ನೆರೆಸಿಕೊಂಡವನು. ಶುಕ್ರವಾರದ ನಮಾಜು ಮುಗಿಸಿ, ಮನೆಯ ಬಿರಿಯಾನಿ ಬಿಟ್ಟು ಬಂದಿದ್ದ. ಹಾಲವ್ವ ಅಷ್ಟು ಕಾಡಿದ್ದಳು.

ಕಾಡದೆ ಏನು ಮಾಡಿಯಾಳು? ಆ ಡಿಶ್ ಹಿಡಿಯುತ್ತಿದ್ದದ್ದು ಹುಬ್ಬಳ್ಳಿ ಕಡೆಯ ಒಂದು ಸಣ್ಣ ಚಾನೆಲ್ಲನ್ನು. ಅದರಲ್ಲಿ ಸುದ್ದಿ ಓದುತ್ತಿದ್ದವಳು ಅವಳ ಮಗಳು ದಾಕ್ಷಾಯಣಿ. ಜಾತಿಯ ಹೊರಗೆ ಮದುವೆಯಾದಳೆಂದು ಅಣ್ಣ ವೀರೇಂದ್ರ ಅವಳ ಸಂಬಂಧವನ್ನೇ ಕಡಿದುಹಾಕಿದ್ದ. "ಅಕಿ ಹೆಸರು ಎತ್ತಿದ್ರ ನಾ ನಿನ್ನ ಮಗಾನ ಅಲ್ಲ, ಯವ್ವಾ" ಅಂದವನು ಅವ್ವನ ಫೋನಿನಿಂದ ನಂಬರನ್ನೂ ಅಳಿಸಿದ್ದ. ತಂಗಿ ಟೀವಿ ಸೇರಿದ್ದು ಅವನಿಗೆ ಗೊತ್ತೇ ಇಲ್ಲ. ಅವನು ಲುಸೈಲಿನ ಸೈಟಿನಿಂದ ಬರುವುದು ತಡ, ಸೊಸೆ ಸೀಮಾ ಕ್ಲಿನಿಕ್ಕಿನ ಡ್ಯೂಟಿಯಲ್ಲಿ. ಊರಿನ ಒಂಬತ್ತರ ಸುದ್ದಿ ಇಲ್ಲಿ ಆರೂವರೆಗೆ. ಕಾಲುವೆ ನೀರು, ಒಣಮೆಣಸಿನಕಾಯಿ ದರ, ಬಸ್ಸು ಮಗುಚಿದ್ದು, ಮಗಳು ಏನು ಓದಿದರೂ ಹಾಲವ್ವ "ಹೂಂ, ಮುಂದ?" ಎನ್ನುತ್ತ ಒಬ್ಬಳೇ ಕೂತು ಕೇಳುತ್ತಿದ್ದಳು.

ಹೋದ ತಿಂಗಳು ಮಗಳ ಮುಂಗೈ ತುಂಬ ಹಸಿರು ಬಳೆ ಕಂಡವು. ಹೊಸ ಹಸಿರು ಕುಬಸ. ಮುಖ ತುಂಬಿಕೊಂಡಿತ್ತು. ತಾಯಿಗೆ ಬೇರೆ ಹೇಳಬೇಕೆ? ಬಸುರಿಗೆ ತವರಿನವರು ಮಾಡಬೇಕಾದ ಕುಬಸದ ಕಾರ್ಯ ಯಾರೋ ಮಾಡಿ ಮುಗಿಸಿದ್ದರು. "ಯಾರು ಮಾಡಿದ್ರು ತಂಗಿ? ಉಡಿ ಯಾರು ತುಂಬಿದ್ರು?" ಎಂದು ಟೀವಿಯನ್ನೇ ಕೇಳಿದ್ದಳು. ಹೆರಿಗೆ ಹತ್ತಿರವಾಯಿತು ಎನ್ನುವಾಗಲೇ ಒಂದು ಸಂಜೆ ಪರದೆ ನೀಲಿಯಾಯಿತು.

ಜಲೀಲ್ ಬೆವರೊರೆಸುತ್ತ ಇಳಿದು ಬಂದ. ರಜೆಯಲ್ಲಿದ್ದ ವೀರೇಂದ್ರ ಚಹಾ ತಂದುಕೊಟ್ಟ.

"ಖಲಾಸ್ ಅಮ್ಮಾ. ಡಿಶ್ಶಿನದ್ದು ತಪ್ಪಿಲ್ಲ. ಊರಲ್ಲಿ ಸರಕಾರದ ದೊಡ್ಡ ಆಫೀಸಿನವರು ಆ ಫ್ರೀಕ್ವೆನ್ಸಿಯನ್ನೆಲ್ಲ ತೆಗೆದು ಮೊಬೈಲಿನವರಿಗೆ ಕೊಟ್ಟಿದ್ದಾರೆ. ಟೀವಿಯವರನ್ನು ಬೇರೆ ಕಡೆ ಹಾಕಿದ್ದು. ದೊಡ್ಡ ಚಾನೆಲ್ಲಿಗೆ ಒಳ್ಳೆ ಜಾಗ ಸಿಕ್ಕಿತು, ಸಣ್ಣದಕ್ಕೆ ಎಂತ ಸಿಗ್ತದೆ? ಈಗ ಅದರ ಬೀಮ್ ಊರಿನ ಮೇಲೆ ಮಾತ್ರ ಬೀಳೂದು. ಇಲ್ಲಿಗೆ ಮಾಫಿ, ಎಂತದೂ ಇಲ್ಲ."

"ಇನ್ನೊಮ್ಮೆ ತಿರುವಿ ನೋಡೋ ಯಪ್ಪಾ. ಒಂದ ಬೊಟ್ಟು ಆ ಕಡೆ..."

"ಆಕಾಶದಲ್ಲೇ ಇಲ್ಲದ್ದನ್ನು ನಾನು ಎಲ್ಲಿಂದ ತಿರುಗಿಸೂದು ಅಮ್ಮಾ?"

ವೀರೇಂದ್ರ ನಕ್ಕ. "ಅದಕ್ಯಾಕ ಇಷ್ಟು ಸಂಕಟ ಮಾಡ್ಕೋತಿ, ಯವ್ವಾ? ಎಲ್ಲಾ ಫೋನಿನ್ಯಾಗ ಸಿಗತೈತಿ. ಯಾವ ಚಾನೆಲ್ ಹೇಳು, ಈಗ ಹುಡುಕಿ ಟೀವಿಗೆ ಹಚ್ಚಿಕೊಡ್ತೀನಿ." ಫೋನು ತೆಗೆದು ಹೆಬ್ಬೆರಳೆತ್ತಿ ಅವ್ವನ ಬಾಯಿಯನ್ನೇ ನೋಡಿದ.

ಹೆಸರು ಹಾಲವ್ವನ ನಾಲಿಗೆಯ ತುದಿಗೆ ಬಂತು. ಹೇಳಿದರೆ ಮಗಳು ಈ ಕ್ಷಣವೇ ಸಿಕ್ಕಾಳು. ಮಗನ ಕೈಯಲ್ಲೇ ಸಿಕ್ಕಾಳು.

"ಅದೇ, ಅಮ್ಮ ನನಗೆ ಹೇಳಿದ್ದರಲ್ಲ," ಜಲೀಲ್ ನೆರವಿಗೆ ಬಂದ, "ಎಂತದೋ ಸುದ್ದಿಯ..."

"ಸುದ್ದಿ ಅಲ್ಲೋ!" ಹಾಲವ್ವನ ದನಿ ಕೀರಲಾಯಿತು. "ಭಜನಿ. ಭಜನಿ ಚಾನೆಲ್ ಅದು. ಹೆಸರು ಯಾರಿಗೆ ನೆಪ್ಪೈತಿ? ಯಾವುದಾರ ಒಂದು ಹಚ್ಚು."

ಜಲೀಲ್ ಅವಳ ಮುಖ ನೋಡಿದ. ಲೋಟ ಕೆಳಗಿಟ್ಟ.

"ಹೌದು ಹೌದು, ಭಜನೆ. ನನಗೂ ವಯಸ್ಸಾಯ್ತು ಮಾರಾಯ್ರೆ," ಎಂದು ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬತೊಡಗಿದ.

ಪರದೆಯ ಮೇಲೆ ಯಾವುದೋ ಊರಿನ ಭಜನಾ ಮಂಡಳಿ ಮೂಡಿತು.

"ಇದನಾ ಯವ್ವಾ?"

"ಹೂಂ. ಇದ."

ಜಲೀಲ್ ಹೋದ ಮೇಲೆ ವೀರೇಂದ್ರ ಅವಳ ಪಕ್ಕದಲ್ಲೇ ಕೂತ. ವಾರವಿಡೀ ಬಿಸಿಲಲ್ಲಿ ನಿಂತ ಮೈ. ಎರಡನೇ ಹಾಡಿಗೆ ಅವನ ತಲೆ ಅವ್ವನ ಹೆಗಲಿಗೆ ವಾಲಿತು. ಹಾಲವ್ವ ಅಲುಗಾಡದೆ ರಿಮೋಟಿಗೆ ಕೈಚಾಚಿ ದನಿ ಪೂರ್ತಿ ಇಳಿಸಿದಳು. ಗುರುತಿಲ್ಲದ ಹೆಂಗಸರ ಬಾಯಿಗಳು ಒಟ್ಟಿಗೆ ತೆರೆದವು, ಒಟ್ಟಿಗೆ ಮುಚ್ಚಿದವು.