ಮೂಲೆ ಮಡಿಸಿದ ಪುಟ

ಶಿವನಂಜಮ್ಮ ಕುಂಕುಮದ ಬಟ್ಟಲನ್ನು ಚಂದ್ರಮತಿಯ ಕೈಯಿಂದ ಕಿತ್ತುಕೊಂಡಳು.

"ನೀನು ಇಡಬೇಡ ಕಣಮ್ಮ. ಇಪ್ಪತ್ತು ವರ್ಷದಿಂದ ಗಂಡನ ಪತ್ತೆಯಿಲ್ಲ. ನೀನು ಮುತ್ತೈದೆ ಅಂತ ಹೇಳೋರು ಯಾರು?"

ಚಾಮರಾಜಪುರಂನ ಆ ಮನೆಯಲ್ಲಿ ಏರ್ ಕಮೋಡೋರ್ ನಂಜುಂಡಸ್ವಾಮಿ ಬಾವುಟ ಹೊದ್ದು ಮಲಗಿದ್ದರು. ಹೆಣ ಎತ್ತುವ ಮುಂಚೆ ಹೆಂಡತಿ ಅಂಬುಜಮ್ಮನ ಹಣೆಗೆ ಮುತ್ತೈದೆಯರು ಕಡೆಯ ಸಲ ಕುಂಕುಮವಿಡುವ ಶಾಸ್ತ್ರ ನಡೆದಿತ್ತು. ಸತ್ತವರ ಅಕ್ಕ ಶಿವನಂಜಮ್ಮ ಹಿನಕಲ್ಲಿನಿಂದ ಬಂದವಳು. ಬೆಳಗಿನಿಂದ ಎದೆ ಬಡಿದುಕೊಂಡು ಅತ್ತಿದ್ದಳು, ಶಾಸ್ತ್ರವನ್ನು ಮಾತ್ರ ಬಿಟ್ಟಿರಲಿಲ್ಲ. ಬಾಗಿಲಲ್ಲಿ ನಿಂತ ವಾಯುಪಡೆಯ ಅಧಿಕಾರಿ ಮತ್ತೆ ಗಡಿಯಾರ ನೋಡಿಕೊಂಡ.

"ಹೇಳೋರು ಮಲಗಿದಾರಲ್ಲ," ಎಂದಳು ಚಂದ್ರಮತಿ. "ನಮ್ಮನೆಯವರ ಪ್ಯಾರಾಚೂಟ್ ಬಿಚ್ಚಿದ್ದನ್ನ ಕಣ್ಣಾರೆ ಕಂಡೋರು ಅವರೊಬ್ಬರೇ. ಅಂಬುಜಕ್ಕ, ನೀವಾದ್ರೂ ಹೇಳಿ."

ಅಂಬುಜಮ್ಮ ಸೆರಗನ್ನು ಬಿಗಿಯಾಗಿ ಎಳೆದುಕೊಂಡಳು. ಅದರಡಿಯಲ್ಲಿ ಗಂಡನ ಹಾರಾಟದ ದಿನಚರಿಯಿತ್ತು.

*

ಸಾವಿರದ ಒಂಬೈನೂರ ನಲವತ್ತನಾಲ್ಕು. ಬರ್ಮಾ ಗಡಿಯಲ್ಲಿ ನಂಜುಂಡಸ್ವಾಮಿ, ಸುಂದರೇಶ ಇಬ್ಬರೂ ಜೊತೆಯಾಗಿ ಫೈಟರ್ ವಿಮಾನ ಹಾರಿಸುತ್ತಿದ್ದರು. ಒಂದು ದಿನ ಸುಂದರೇಶ ಮರಳಲಿಲ್ಲ. ಸುದ್ದಿ ಹೇಳಲೆಂದು ನಂಜುಂಡಸ್ವಾಮಿ ರಜೆಯಲ್ಲಿ ಬಂದು ಅವನ ಮನೆ ಮುಂದೆ ನಿಂತಾಗ, ಅವನ ಹೆಂಡತಿ, ಹತ್ತೊಂಬತ್ತರ ಚಂದ್ರಮತಿ, ಹೊಸಿಲಿಗೆ ಅರಿಶಿನ ಬಳಿಯುತ್ತಿದ್ದಳು.

"ಪ್ಯಾರಾಚೂಟ್ ಬಿಚ್ಚಿತು ತಂಗಿ, ನಾನೇ ನೋಡಿದೆ," ಎಂದುಬಿಟ್ಟರು.

ಸತ್ತಿರಬೇಕೆಂದು ಸರ್ಕಾರ ಬರೆದ ಕಾಗದವನ್ನು ಅವಳು ನಂಬಲಿಲ್ಲ, ಇವರನ್ನು ನಂಬಿದಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಇವರು ಒಂದೇ ಸುಳ್ಳಿನಲ್ಲಿ ಒಬ್ಬಳ ಮುತ್ತೈದೆತನವನ್ನು ಇಪ್ಪತ್ತು ವರ್ಷ ಉಳಿಸಿದರು.

ಆಮೇಲೆ ನಲವತ್ತೇಳರಲ್ಲಿ ಕಾಶ್ಮೀರದ ಮೇಲೆ ಹಾರಿದರು, ವಾಯುನೆಲೆಗಳ ಕಮಾಂಡರ್ ಆದರು. ಸತ್ತ ಹುಡುಗರ ತಾಯಂದಿರಿಗೆ ಎಷ್ಟೋ ಕಾಗದ ಬರೆದರು. ಚಂದ್ರಮತಿಗೆ ಮಾತ್ರ ಆ ಒಂದು ಮಾತು ಹೇಳಲಾರದೆ ಹೋದರು. ಮೊನ್ನೆ ಆಸ್ಪತ್ರೆಯಲ್ಲಿ ದಿನಚರಿಯ ಒಂದು ಪುಟವನ್ನು ಹೆಂಡತಿಗೆ ಓದಿ ಹೇಳಿದರು: ವಿಮಾನಕ್ಕೆ ಬೆಂಕಿ ಹತ್ತಿ ನದಿಗೆ ಬಿತ್ತು, ಪ್ಯಾರಾಚೂಟ್ ಬಿಚ್ಚಲಿಲ್ಲ. ಪುಟದ ಮೂಲೆ ಮಡಿಸಿದರು.

"ನನ್ನ ಮಣ್ಣು ಮಾಡೋದ್ರೊಳಗೆ ಅವಳಿಗೆ ಹೇಳ್ಬಿಡು ಅಂಬುಜ. ನನ್ನ ಕೈಲಾಗಲಿಲ್ಲ."

*

"ಬಟ್ಟಲು ಕೊಡಿ ಅತ್ತಿಗೆ," ಎಂದಳು ಅಂಬುಜಮ್ಮ. "ಅವಳೇ ಇಡಲಿ."

"ನಿನ್ನ ಹಣೆ, ನಿನ್ನಿಷ್ಟ ಬುಡು," ಎನ್ನುತ್ತ ಶಿವನಂಜಮ್ಮ ಬಟ್ಟಲು ಕೊಟ್ಟಳು.

ಚಂದ್ರಮತಿ ಅಗಲವಾಗಿ ಕುಂಕುಮವಿಟ್ಟಳು. ಗೆದ್ದವಳ ಹಾಗೆ ಹಿಂದೆ ಸರಿಯುತ್ತಿದ್ದವಳ ಸೆರಗನ್ನು ಅಂಬುಜಮ್ಮ ಹಿಡಿದಳು. ಹೊರಗೆ ಹೆಣ ಒಯ್ಯಲು ಬಂದ ಲಾರಿ ಸ್ಟಾರ್ಟ್ ಆಯಿತು. ಇನ್ನು ತಡಮಾಡುವಂತಿರಲಿಲ್ಲ. ಮಡಿಸಿದ ಪುಟ ತೆರೆದಳು.

"ಇದು ಅವರೇ ಬರ್ದಿದ್ದು ಕಣೇ ಚಂದ್ರಾ. ಪ್ಯಾರಾಚೂಟ್ ಬಿಚ್ಚಲಿಲ್ವಂತೆ. ನಿನ್ನ ಮುಖ ನೋಡಿ ಸುಳ್ಳು ಹೇಳ್ಬುಟ್ರಂತೆ."

ಚಂದ್ರಮತಿ ಆ ಇಂಗ್ಲಿಷ್ ಸಾಲುಗಳನ್ನು ನೋಡುತ್ತಲೇ ನಿಂತಳು. ಬೈಯಲಿ, ಬೇಕಾದರೆ ಹೊಡೆಯಲಿ ಎಂದು ಅಂಬುಜಮ್ಮ ಕಾದಳು.

"ತಾರೀಕು ಎಲ್ಲಿದೆ ಅಕ್ಕ?"

"ಏನು?"

"ಇಷ್ಟು ವರ್ಷ ನಮ್ಮನೆಯವರಿಗೆ ಒಂದು ಎಡೆ ಇಟ್ಟಿಲ್ಲ ನಾನು. ತಾರೀಕು ತೋರ್ಸಿ."

ಅಂಬುಜಮ್ಮ ತೋರಿಸಿದಳು. ಚಂದ್ರಮತಿ ಅದರ ಮೇಲೆ ಬೆರಳನ್ನು ಒತ್ತಿ ಹಿಡಿದಳು. ಸಿಪಾಯಿಗಳು ಬಂದು ಹೆಣ ಎತ್ತಿ ಹೊಸಿಲು ದಾಟಿದ ಮೇಲೆಯೇ ತೆಗೆದಳು. ಫೆಬ್ರವರಿ ಒಂಬತ್ತರ ಮೇಲೆ ಕುಂಕುಮ ಕೂತಿತ್ತು.